ಡ್ರಾಫ್ಟ್: ಆರಿಸಿದವನ ಖುಷಿ, ಬಿಟ್ಟವನ ಕೊರಗು

ಐಪಿಎಲ್ ಹರಾಜು ನೋಡಿ ಅಭ್ಯಾಸ ಇರುವವರಿಗೆ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್ ಮೊದಲ ಸಲ ವಿಚಿತ್ರ ಅನ್ನಿಸುತ್ತದೆ. ಅಲ್ಲಿ ಸುತ್ತಿಗೆ ಇಲ್ಲ, ಕೋಟಿಗಳ ಪೈಪೋಟಿ ಇಲ್ಲ. ಕಾಲೇಜು ಫುಟ್‌ಬಾಲ್‌ನಿಂದ ಬರುವ ಹುಡುಗರನ್ನು 32 ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರಾಗಿ ಆರಿಸುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯ, ಗೆದ್ದ ತಂಡಕ್ಕೆ ಕೊನೆಯ ಸರದಿ. ಹೀಗೆ ಏಳು ಸುತ್ತು. ಏಪ್ರಿಲ್ ಕೊನೆಯಲ್ಲಿ ಮೂರು ದಿನ ನಡೆಯುವ ಈ ಆಯ್ಕೆಯೇ ಡ್ರಾಫ್ಟ್. (ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್.)

ಆ ಮೂರು ದಿನ ಒಂದೇ ಒಂದು ಪಂದ್ಯ ಇಲ್ಲ. ಆದರೂ 2024ರಲ್ಲಿ ಡೆಟ್ರಾಯಿಟ್ ನಗರದಲ್ಲಿ ನಡೆದ ಡ್ರಾಫ್ಟ್‌ಗೆ ಏಳೂವರೆ ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು. ಹೆಸರು ಓದುವುದನ್ನು ಕೇಳಲು ಅಷ್ಟು ಜನ ಯಾಕೆ ಬರುತ್ತಾರೆ? ಬಂದವರು ಕೆಲವೊಮ್ಮೆ ತಮ್ಮದೇ ತಂಡದ ಹೊಸ ಹುಡುಗನಿಗೆ 'ಬೂ' ಎಂದು ಯಾಕೆ ಕೂಗುತ್ತಾರೆ? ಇದು ಅರ್ಥವಾದರೆ ಡ್ರಾಫ್ಟ್ ಅರ್ಥವಾದ ಹಾಗೆ.

ಈ ಪದ್ಧತಿ ತಂದವರು ಬರ್ಟ್ ಬೆಲ್, ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕರು. ಆಗ ಒಳ್ಳೆಯ ಕಾಲೇಜು ಆಟಗಾರರೆಲ್ಲ ದುಡ್ಡಿದ್ದ ತಂಡಗಳ ಪಾಲಾಗುತ್ತಿದ್ದರು. ಬಡ ತಂಡಗಳು ಸೋಲುತ್ತಲೇ ಇರುತ್ತಿದ್ದವು, ಸೋತಷ್ಟೂ ಇನ್ನೂ ಬಡವಾಗುತ್ತಿದ್ದವು. ಇದು ಹೀಗೇ ನಡೆದರೆ ಲೀಗೇ ಉಳಿಯುವುದಿಲ್ಲ ಎಂದು ಬೆಲ್ 1935ರಲ್ಲಿ ಉಳಿದ ಮಾಲೀಕರನ್ನು ಒಪ್ಪಿಸಿದರು. 1936ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲ್‌ನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊದಲ ಸರದಿ ಬೆಲ್ ಅವರ ತಂಡಕ್ಕೇ ಬಂತು. ಅವರು ಆರಿಸಿದ ಜೇ ಬರ್‌ವ್ಯಾಂಗರ್ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳದ ಮಾತು ಕುದುರದೆ ಬೇರೆ ಕೆಲಸ ಹಿಡಿದರು. ಡ್ರಾಫ್ಟ್‌ನ ಚರಿತ್ರೆಯ ಮೊದಲ ಹೆಸರೇ ಕೈಕೊಟ್ಟಿತು.

ಹರಾಜಿನಲ್ಲಿ ಖರ್ಚಾಗುವುದು ಹಣ. ಡ್ರಾಫ್ಟ್‌ನಲ್ಲಿ ಖರ್ಚಾಗುವುದು ಸರದಿ. ಹಣವನ್ನು ಇಬ್ಬರಿಗೆ ಹಂಚಬಹುದು, ಸರದಿಯನ್ನು ಹಂಚಲು ಆಗುವುದಿಲ್ಲ. ಒಬ್ಬನ ಹೆಸರು ಹೇಳಿದ ಕ್ಷಣ ಆ ಹೊತ್ತಿಗೆ ಉಳಿದಿದ್ದ ಬೇರೆ ಎಲ್ಲರನ್ನೂ ಬಿಟ್ಟುಕೊಟ್ಟಂತೆ. ಮುಂದಿನ ಸರದಿ ಬರುವಷ್ಟರಲ್ಲಿ ಹೆಚ್ಚುಕಮ್ಮಿ ಮೂವತ್ತು ಜನ ಹೋಗಿರುತ್ತಾರೆ. ಅದಕ್ಕೇ ನನ್ನ ಪ್ರಕಾರ ಅಭಿಮಾನಿಗಳ ಕೋಪ ಬಹುಪಾಲು ಸಲ ಆರಿಸಿದವನ ಮೇಲೆ ಇರುವುದೇ ಇಲ್ಲ. ಅದು ಬಿಟ್ಟವನಿಗಾಗಿ ಪಡುವ ಕೊರಗು.

ಈ ಕೊರಗಿಗೆ ಅವರದೇ ಪದಗಳಿವೆ. ಡ್ರಾಫ್ಟ್‌ಗೆ ತಿಂಗಳುಗಟ್ಟಲೆ ಮುಂಚೆಯೇ ಯಾರು ಯಾರನ್ನು ಆರಿಸಬಹುದು ಎಂಬ ಊಹೆಯ ಪಟ್ಟಿಗಳು ಬರುತ್ತವೆ. ಅವು 'ಮಾಕ್ ಡ್ರಾಫ್ಟ್'. ಆಟಗಾರರನ್ನು ಯೋಗ್ಯತೆಯ ಕ್ರಮದಲ್ಲಿ ಇಟ್ಟ ಪಟ್ಟಿ 'ಬೋರ್ಡ್'. ಪ್ರತಿ ತಂಡಕ್ಕೂ ಒಂದು ಗುಟ್ಟಿನ ಬೋರ್ಡ್ ಇರುತ್ತದೆ, ಪ್ರತಿ ಅಭಿಮಾನಿಯ ತಲೆಯಲ್ಲೂ ಒಂದು ಇರುತ್ತದೆ. ಐವತ್ತನೆಯವನು ಅಂದುಕೊಂಡಿದ್ದ ಹುಡುಗನನ್ನು ತಂಡ ಇಪ್ಪತ್ತನೇ ಸರದಿಯಲ್ಲೇ ತೆಗೆದುಕೊಂಡರೆ ಅದು 'ರೀಚ್'. ಇಪ್ಪತ್ತರಲ್ಲೇ ಹೋಗಬೇಕಿದ್ದವನು ಐವತ್ತರವರೆಗೆ ಉಳಿದು ನಮಗೆ ಸಿಕ್ಕರೆ ಅದು 'ಸ್ಟೀಲ್', ಅಂದರೆ ಕದ್ದಷ್ಟು ಅಗ್ಗಕ್ಕೆ ಸಿಕ್ಕ ಲಾಭ. ದೊಡ್ಡ ಸರದಿ ಖರ್ಚು ಮಾಡಿ ತಂದವನು ಆಡದೇ ಹೋದರೆ 'ಬಸ್ಟ್'. ಸ್ಟೀಲ್ ಅಂದ ತಕ್ಷಣ ಎಲ್ಲರೂ ಹೇಳುವ ಹೆಸರು ಟಾಮ್ ಬ್ರೇಡಿ. 2000ದಲ್ಲಿ ಆರನೇ ಸುತ್ತಿನಲ್ಲಿ, 199ನೆಯವರಾಗಿ ಆಯ್ಕೆಯಾದವರು, ಏಳು ಸೂಪರ್ ಬೌಲ್ ಗೆದ್ದರು. ಬಸ್ಟ್‌ಗೆ ಹೇಳುವ ಹೆಸರು 2007ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್.

ರೀಚ್ ಮತ್ತು ಸ್ಟೀಲ್ ಅನ್ನು ಡ್ರಾಫ್ಟ್ ದಿನವೇ ಹೇಳಿಬಿಡಬಹುದು, ಬಸ್ಟ್ ಅನ್ನು ಹಾಗೆ ಹೇಳಲಾಗದು. ಮೊದಲೆರಡು ಪದಗಳು ಅಳೆಯುವುದು ನಮ್ಮ ನಿರೀಕ್ಷೆಯನ್ನು. ಮೂರನೆಯದು ಮಾತ್ರ ಆಟವನ್ನು ಅಳೆಯುತ್ತದೆ. ಮಾರನೇ ದಿನವೇ ಪತ್ರಿಕೆಗಳು ಕೊಡುವ 'ಎ', 'ಬಿ', 'ಸಿ' ಗ್ರೇಡುಗಳು ಕೂಡ ನಿರೀಕ್ಷೆಯ ಲೆಕ್ಕವೇ. ಆ ಹೊತ್ತಿಗೆ ಹುಡುಗ ತಂಡದ ಜೆರ್ಸಿ ಹಾಕಿಕೊಂಡು ಒಂದು ಅಭ್ಯಾಸವನ್ನೂ ಮಾಡಿರುವುದಿಲ್ಲ.

ಈಗ ಬರ್ಟ್ ಬೆಲ್ ಅವರ ಊರಿಗೇ ಹೋಗೋಣ. ಅಭಿಮಾನಿಗಳ ಪ್ರತಿಕ್ರಿಯೆ ಅಂದರೆ ಏನು ಎಂದು ತಿಳಿಯಲು ಫಿಲಡೆಲ್ಫಿಯಾಕ್ಕಿಂತ ಒಳ್ಳೆಯ ಊರು ಇಲ್ಲ.

1999. ಹಿಂದಿನ ಸೀಸನ್‌ನಲ್ಲಿ ಈಗಲ್ಸ್ 16 ಪಂದ್ಯಗಳಲ್ಲಿ ಗೆದ್ದಿದ್ದು ಮೂರೇ. ಸಿಕ್ಕಿದ್ದು ಎರಡನೇ ಸರದಿ. ಊರಿಗೆ ಊರೇ ಟೆಕ್ಸಾಸ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ರಿಕಿ ವಿಲಿಯಮ್ಸ್ ಬೇಕು ಎನ್ನುತ್ತಿತ್ತು. ಮೇಯರ್ ಎಡ್ ರೆಂಡೆಲ್ ಕೂಡ ಅದನ್ನೇ ಹೇಳುತ್ತಿದ್ದರು. ಊರಿನ ಕ್ರೀಡಾ ರೇಡಿಯೊ ಒಂದು ಸುಮಾರು ಮೂವತ್ತು ಅಭಿಮಾನಿಗಳನ್ನು ಬಸ್ಸಿನಲ್ಲಿ ನ್ಯೂಯಾರ್ಕ್‌ಗೆ ಕರೆದುಕೊಂಡು ಹೋಯಿತು. ಅಲ್ಲಿ ಕರೆದ ಹೆಸರು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಡೊನೊವನ್ ಮೆಕ್‌ನ್ಯಾಬ್. ಸಭಾಂಗಣ ತುಂಬ 'ಬೂ'. ಜೀವನದ ದೊಡ್ಡ ದಿನ ಅಂತ ಸೂಟ್ ಹಾಕಿಕೊಂಡು ವೇದಿಕೆ ಹತ್ತಿದ ಹುಡುಗನಿಗೆ ಸಿಕ್ಕ ಸ್ವಾಗತ ಅದು.

ಆ ಮೂವತ್ತು ಜನರನ್ನು ದಡ್ಡರು ಅಂತ ಸುಮ್ನೆ ಹೇಳಿಬಿಡುವುದು ಸುಲಭ. ನಾನು ಹಾಗೆ ಹೇಳುವುದಿಲ್ಲ. ಮೆಕ್‌ನ್ಯಾಬ್ ಹನ್ನೊಂದು ಸೀಸನ್ ಈಗಲ್ಸ್‌ಗೆ ಆಡಿದರು, ತಂಡವನ್ನು ಐದು ಸಲ ಎನ್‌ಎಫ್‌ಸಿ (ಲೀಗಿನ ಎರಡು ಭಾಗಗಳಲ್ಲಿ ಒಂದು) ಫೈನಲ್‌ಗೆ, ಒಂದು ಸಲ ಸೂಪರ್ ಬೌಲ್‌ಗೆ ಕರೆದೊಯ್ದರು, 2013ರಲ್ಲಿ ತಂಡ ಅವರ 5ನೇ ನಂಬರಿನ ಜೆರ್ಸಿಯನ್ನು ಇನ್ನಾರಿಗೂ ಕೊಡದಂತೆ ಎತ್ತಿಟ್ಟಿತು. ಎಲ್ಲವೂ ನಿಜ. ಆದರೆ ವಿಲಿಯಮ್ಸ್ ಕೂಡ ಬಸ್ಟ್ ಅಲ್ಲ. 2002ರಲ್ಲಿ ಮಯಾಮಿ ಪರ 1,853 ಗಜ ಓಡಿ ಲೀಗಿಗೇ ಮೊದಲಿಗರಾದರು. ಇನ್ನೊಂದು ಮಾತು. ಅದೇ 1999ರಲ್ಲಿ ಮೊದಲ ಹನ್ನೆರಡು ಆಯ್ಕೆಗಳಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳಿದ್ದರು. ಅವರಲ್ಲಿ ಮೂವರು, ಟಿಮ್ ಕೌಚ್, ಅಕಿಲಿ ಸ್ಮಿತ್ ಮತ್ತು ಕೇಡ್ ಮೆಕ್‌ನೌನ್, ನಿಲ್ಲಲಿಲ್ಲ. ಕ್ವಾರ್ಟರ್‌ಬ್ಯಾಕ್ ಆರಿಸುವುದು ಅಪಾಯ ಎಂಬ ಭಯಕ್ಕೆ ಕಾರಣ ಇತ್ತು. ಅಭಿಮಾನಿಗಳ ಲೆಕ್ಕ ತಪ್ಪಿದ್ದು ಬೇರೆ ಕಡೆ. ವಿಲಿಯಮ್ಸ್ ಬೇಕೆಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಆ ವರ್ಷದ ತನ್ನ ಎಲ್ಲ ಸರದಿಗಳನ್ನೂ, ಮುಂದಿನ ವರ್ಷದ ಇನ್ನೆರಡನ್ನೂ ಇನ್ನೊಂದು ತಂಡಕ್ಕೆ ಕೊಟ್ಟು ಅದರ ಸರದಿ ಪಡೆಯಿತು. ಆ ಸೀಸನ್‌ನಲ್ಲಿ ಸೇಂಟ್ಸ್ ಗೆದ್ದಿದ್ದು ಮೂರು ಪಂದ್ಯ. ಬಿಟ್ಟುಕೊಟ್ಟವರ ಪಟ್ಟಿ ಅಷ್ಟು ಉದ್ದವಾದರೆ ಎಂಥ ಒಳ್ಳೆಯ ಆಟಗಾರನೂ ಅದನ್ನು ತುಂಬಲಾರ.

2020ಕ್ಕೆ ಬನ್ನಿ. ಕೊರೊನಾ ಕಾಲ, ಡ್ರಾಫ್ಟ್ ನಡೆದದ್ದು ಆನ್‌ಲೈನ್‌ನಲ್ಲಿ. ಈಗಲ್ಸ್‌ಗೆ ವೈಡ್ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನು, ಬೇಕಾಗಿತ್ತು. 21ನೇ ಸರದಿ ಬಂದಾಗ ಎಲ್‌ಎಸ್‌ಯು ಕಾಲೇಜಿನ ಜಸ್ಟಿನ್ ಜೆಫರ್‌ಸನ್ ಇನ್ನೂ ಉಳಿದಿದ್ದರು. ಈಗಲ್ಸ್ ಆರಿಸಿದ್ದು ಜೇಲನ್ ರೇಗರ್ ಅವರನ್ನು. ಮರುಕ್ಷಣವೇ, 22ನೇ ಸರದಿಯಲ್ಲಿ, ಮಿನೆಸೋಟ ವೈಕಿಂಗ್ಸ್ ಜೆಫರ್‌ಸನ್ ಅವರನ್ನು ಎತ್ತಿಕೊಂಡಿತು. ಫಿಲಡೆಲ್ಫಿಯಾ ಅಂದೇ ರಾತ್ರಿ ಕೂಗಾಡಿತು. ಈ ಸಲ ಊರು ಹೇಳಿದ್ದೇ ಸರಿ. ಜೆಫರ್‌ಸನ್ ಮೊದಲ ಸೀಸನ್‌ನಲ್ಲೇ 1,400 ಗಜ ಗಳಿಸಿದರು. ಎರಡು ವರ್ಷದ ನಂತರ ಈಗಲ್ಸ್ ರೇಗರ್ ಅವರನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಕೊಟ್ಟಿದ್ದು ಅದೇ ವೈಕಿಂಗ್ಸ್‌ಗೆ.

ಮಾರನೇ ದಿನ ಇನ್ನೊಂದು ಆಯ್ಕೆ, ಇನ್ನೊಂದು ಗಲಾಟೆ. ಎರಡನೇ ಸುತ್ತಿನಲ್ಲಿ, ಒಟ್ಟು 53ನೆಯವರಾಗಿ, ಈಗಲ್ಸ್ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಅವರನ್ನು ಆರಿಸಿತು. ತಂಡದಲ್ಲಿ ಆಗಲೇ ಕಾರ್ಸನ್ ವೆಂಟ್ಜ್ ಇದ್ದರು. ಒಂದು ವರ್ಷದ ಹಿಂದಷ್ಟೇ ಅವರ ಒಪ್ಪಂದವನ್ನು ನಾಲ್ಕು ವರ್ಷ, 12.8 ಕೋಟಿ ಡಾಲರ್‌ಗೆ ಬೆಳೆಸಿದ್ದರು. ಇದ್ದವನಿಗೆ ಇಷ್ಟು ದುಡ್ಡು ಕೊಟ್ಟು ಅದೇ ಜಾಗಕ್ಕೆ ಇನ್ನೊಬ್ಬನನ್ನು ಯಾಕೆ ತರಬೇಕು, ಆ ಸರದಿಯಲ್ಲಿ ಬೇರೆ ಕಡೆಯ ತೂತು ಮುಚ್ಚಬಹುದಿತ್ತು ಅಲ್ವಾ ಎಂಬುದು ಜನರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. 2021ರಲ್ಲಿ ವೆಂಟ್ಜ್ ಹೊರಟರು, ಹರ್ಟ್ಸ್ ನಿಂತರು. 2025ರ ಫೆಬ್ರವರಿಯಲ್ಲಿ ಈಗಲ್ಸ್ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40–22ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಾಗ ಪಂದ್ಯದ ಶ್ರೇಷ್ಠ ಆಟಗಾರ ಅದೇ ಹರ್ಟ್ಸ್.

ರೇಗರ್ ಅವರನ್ನೂ ಹರ್ಟ್ಸ್ ಅವರನ್ನೂ ತಂದದ್ದು ಒಬ್ಬರೇ, ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್. ಎರಡು ದಿನದಲ್ಲಿ ಒಂದೇ ಊರು, ಒಬ್ಬರೇ ಮ್ಯಾನೇಜರ್ ಮೇಲೆ ಎರಡು ಸಲ ಸಿಟ್ಟಾಯಿತು. ಒಂದು ಸಿಟ್ಟು ಉಳಿಯಿತು, ಇನ್ನೊಂದು ಮೆರವಣಿಗೆಯಾಯಿತು. ಇದರಲ್ಲಿ ಯಾವುದು ಯಾವುದು ಎಂದು ಅಂದು ಹೇಳಬಲ್ಲವರು ಯಾರೂ ಇರಲಿಲ್ಲ.

ನಮ್ಮ ಆರ್‌ಸಿಬಿ ಅಭಿಮಾನಿಗಳಿಗೆ ಇದು ಹೊಸದಲ್ಲ. 2024ರ ನವೆಂಬರ್‌ನಲ್ಲಿ ಜೆದ್ದಾದ ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದಾಗ ಎಷ್ಟು ಜನ ತಲೆ ಚಚ್ಚಿಕೊಂಡರು! ಆರು ತಿಂಗಳ ನಂತರ ರಾಹುಲ್ ಇಲ್ಲದ ಆರ್‌ಸಿಬಿಯೇ ಮೊದಲ ಕಪ್ ಎತ್ತಿತು. ರಾಹುಲ್ ಬೇಕಿತ್ತು ಅನ್ನುವವರು ಈಗಲೂ ಇದ್ದಾರೆ. ಕಪ್ ಬಂದರೂ ಕೊರಗು ಪೂರ್ತಿ ಹೋಗುವುದಿಲ್ಲ.

ಡ್ರಾಫ್ಟ್ ಜೊತೆಗೇ ಬರುವ ಪದ 'ರೋಸ್ಟರ್'. ಅಂದರೆ ತಂಡದ ಅಧಿಕೃತ ಆಟಗಾರರ ಪಟ್ಟಿ. ಬೇಸಿಗೆಯ ಶಿಬಿರದಲ್ಲಿ 90 ಜನರವರೆಗೆ ಇರಬಹುದು. ಸೀಸನ್ ಶುರುವಾಗುವ ಮುಂಚೆ ಅದು 53ಕ್ಕೆ ಇಳಿಯಬೇಕು. ಮೇಲೆ ಸಂಬಳದ ಒಟ್ಟು ಮಿತಿಯೂ ಇದೆ. 2025ರಲ್ಲಿ ಅದು ತಂಡಕ್ಕೆ 27.92 ಕೋಟಿ ಡಾಲರ್. ಹಾಗಾಗಿ ಯಾರನ್ನಾದರೂ ತಂದರೆ ಇನ್ಯಾರೋ ಹೋಗಲೇಬೇಕು. ಡ್ರಾಫ್ಟ್‌ನ ಹುಡುಗರಿಗೆ ಇಷ್ಟು ಬೆಲೆ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. 2010ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತ್ತು. ಮರುವರ್ಷ ನಿಯಮ ಬದಲಾಯಿತು. ಮೊದಲನೆಯವರಾದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸಿಕ್ಕಿದ್ದು ಸುಮಾರು 2.2 ಕೋಟಿ. ಅಲ್ಲಿಂದ ಮುಂದೆ, ಚೆನ್ನಾಗಿ ಆಡುವ ಹೊಸ ಹುಡುಗ ಅಂದರೆ ಕಡಿಮೆ ಸಂಬಳದ ದೊಡ್ಡ ಆಸ್ತಿ.

ರೋಸ್ಟರ್ ಬದಲಾದಾಗ ಅಭಿಮಾನಿಗಳಿಗೆ ಆಗುವ ನೋವು ಡ್ರಾಫ್ಟ್ ದಿನದ ಸಿಟ್ಟಿನ ಹಾಗಲ್ಲ. ಡ್ರಾಫ್ಟ್‌ನಲ್ಲಿ ಬಿಟ್ಟವನು ಅಪರಿಚಿತ. ಅವನ ಆಟವನ್ನು ನಾವು ಕಲ್ಪಿಸಿಕೊಂಡಿರುತ್ತೇವೆ ಅಷ್ಟೆ. ಇಲ್ಲಿ ಹೋಗುವವನು ವರ್ಷಗಟ್ಟಲೆ ಭಾನುವಾರಗಳನ್ನು ನಮ್ಮ ಜೊತೆ ಕಳೆದವನು. ಬ್ರಯಾನ್ ಡಾಕಿನ್ಸ್ 13 ಸೀಸನ್ ಈಗಲ್ಸ್‌ನ ಜೀವವಾಗಿದ್ದರು. 2009ರಲ್ಲಿ ಅವರು ಡೆನ್ವರ್ ತಂಡಕ್ಕೆ ಹೋದಾಗ ಫಿಲಡೆಲ್ಫಿಯಾದಲ್ಲಿ ಆದದ್ದು ಮನೆಯವರನ್ನು ಕಳುಹಿಸಿಕೊಟ್ಟಷ್ಟು ಸಂಕಟ. ನ್ಯೂಯಾರ್ಕ್ ಜೈಂಟ್ಸ್ ಅಭಿಮಾನಿಗಳದ್ದು ಇನ್ನೂ ಕಷ್ಟದ ಸ್ಥಿತಿ. 2018ರಲ್ಲಿ ಎರಡನೇ ಸರದಿ ಕೊಟ್ಟು ತಂದ ಸೇಕ್ವಾನ್ ಬಾರ್ಕ್ಲಿ 2024ರ ಮಾರ್ಚ್‌ನಲ್ಲಿ ಎದುರಾಳಿ ಈಗಲ್ಸ್ ಸೇರಿದರು. ಆ ಸೀಸನ್‌ನಲ್ಲೇ 2,005 ಗಜ ಓಡಿ, ತಮ್ಮ 28ನೇ ಹುಟ್ಟುಹಬ್ಬದ ದಿನ ಸೂಪರ್ ಬೌಲ್ ಗೆದ್ದರು.

ಏಳನೇ ಸುತ್ತು ಮುಗಿದ ಮೇಲೂ ಯಾರಿಗೂ ಬೇಡವಾಗಿ ಉಳಿದ ಹುಡುಗರು ನೂರಾರು ಜನ ಇರುತ್ತಾರೆ. ಅವರನ್ನು 'ಅನ್‌ಡ್ರಾಫ್ಟೆಡ್' ಎನ್ನುತ್ತಾರೆ. ತಂಡಗಳು ಅವರಿಗೆ ಫೋನ್ ಮಾಡಿ ನೇರವಾಗಿ ಶಿಬಿರಕ್ಕೆ ಕರೆಯುತ್ತವೆ. ಆ ಸೂಪರ್ ಬೌಲ್‌ನಲ್ಲಿ ಈಗಲ್ಸ್ ರಕ್ಷಣಾ ವಿಭಾಗದಲ್ಲಿ ಆಡಿದ ರೀಡ್ ಬ್ಲ್ಯಾಂಕನ್‌ಶಿಪ್ 2022ರಲ್ಲಿ ಹಾಗೆ ಬಂದವರು. ಇಂಥವರು ಬಂದಾಗ ಯಾರೂ 'ಬೂ' ಎನ್ನುವುದಿಲ್ಲ. ಅವರಿಗಾಗಿ ಸರದಿ ಖರ್ಚಾಗಿರುವುದಿಲ್ಲ, ಅವರ ಬದಲು ಬಿಟ್ಟುಕೊಟ್ಟವರು ಯಾರೂ ಇರುವುದಿಲ್ಲ. ಆಗಸ್ಟ್ ಕೊನೆಗೆ 53ರ ಪಟ್ಟಿ ಬಂದಾಗ ಅಭಿಮಾನಿಗಳು ಮೊದಲು ಹುಡುಕುವ ಹೆಸರುಗಳಲ್ಲಿ ಇವರದೂ ಇರುತ್ತದೆ.