ರೋಗಿಯ ಹಾಸಿಗೆಯ ಬಳಿ ತತ್ವಶಾಸ್ತ್ರದ ಮೇಷ್ಟ್ರಿಗೇನು ಕೆಲಸ?

ವೈದ್ಯರಿಗೆ ನೀತಿ ಕಲಿಸಬೇಕಾದವರು ಯಾರು? ಹಿರಿಯ ವೈದ್ಯರೇ, ವಕೀಲರೇ, ತತ್ವಶಾಸ್ತ್ರದ ಅಧ್ಯಾಪಕರೇ? ಈ ಜಗಳಕ್ಕೆ ಅರ್ಧ ಶತಮಾನ ಮೀರಿದೆ.

ಹಿಪ್ಪೊಕ್ರೇಟಿಸನ ಹೆಸರಿನ ಪ್ರತಿಜ್ಞೆಯ ಕಾಲದಿಂದ ಮನುಷ್ಯರ ಮೇಲಿನ ಪ್ರಯೋಗಗಳಿಗೆ ನಿಯಮ ಹೇಳಿದ 1947ರ ನ್ಯೂರೆಂಬರ್ಗ್ ಸಂಹಿತೆಯವರೆಗೆ ವೈದ್ಯನೀತಿ ಹೆಚ್ಚಾಗಿ ವೈದ್ಯರ ಮನೆಯೊಳಗಿನ ಮಾತಾಗಿತ್ತು. ಆ ಬಳಿಕವೂ ತತ್ವಶಾಸ್ತ್ರಜ್ಞರು ಬೇಗ ಬರಲಿಲ್ಲ. ಇಂಗ್ಲಿಷ್ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಅವರಲ್ಲಿ ಹಲವರು ‘ಒಳಿತು’ ಎಂಬ ಪದದ ಅರ್ಥವನ್ನೇ ಬಿಡಿಸುತ್ತಾ ಕುಳಿತಿದ್ದರು.

ಅವರನ್ನು ಎಬ್ಬಿಸಿದ್ದು ಆಸ್ಪತ್ರೆಗಳೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರಗಳು ಕೆಲವೇ ಇದ್ದವು. ಯಾರು ಬದುಕಬೇಕೆಂದು ಆರಿಸಲು ಕುಳಿತ ಸಮಿತಿ ರೋಗಿಯ ಆದಾಯ, ಉದ್ಯೋಗ, ಸಂಸಾರವನ್ನೂ ತೂಗಿತು. 1972ರಲ್ಲಿ ಅದೇ ದೇಶದ ಟಸ್ಕೀಗಿ ಎಂಬ ಊರಿನ ಪ್ರಯೋಗದ ಸತ್ಯ ಹೊರಬಿತ್ತು: ಸಿಫಿಲಿಸ್ ಪೀಡಿತ ಕಪ್ಪು ಜನರನ್ನು ನಲವತ್ತು ವರ್ಷ ಸರಿಯಾದ ಚಿಕಿತ್ಸೆ ಕೊಡದೆ ಗಮನಿಸುತ್ತಾ ಬರಲಾಗಿತ್ತು.

1974ರಲ್ಲಿ ಅಮೆರಿಕ, ಮನುಷ್ಯರ ಮೇಲಿನ ಪ್ರಯೋಗಗಳಿಗೆ ನೀತಿಯ ನಿಯಮಗಳನ್ನು ಸೂಚಿಸಲು ಹನ್ನೊಂದು ಸದಸ್ಯರ ರಾಷ್ಟ್ರೀಯ ಆಯೋಗ ನೇಮಿಸಿತು. ನನಗೆ ಈ ಕಥೆಯ ತಿರುಳು ಇಲ್ಲಿದೆ. ಆಯೋಗಕ್ಕಾಗಿ ದುಡಿದ ದಾರ್ಶನಿಕ ಸ್ಟೀಫನ್ ಟೂಲ್ಮಿನ್ ಒಂದು ವಿಚಿತ್ರ ಗಮನಿಸಿದರು. ಮಕ್ಕಳ ಮೇಲೆ ಇಂಥ ಪ್ರಯೋಗ ಸಲ್ಲುತ್ತದೆಯೇ ಎಂದು ಒಂದೊಂದೇ ಪ್ರಸಂಗ ಎತ್ತಿಕೊಂಡಾಗ ಸದಸ್ಯರಲ್ಲಿ ಬಹುಮಟ್ಟಿಗೆ ಒಮ್ಮತ ಮೂಡುತ್ತಿತ್ತು. ಏಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ದಾರಿ. ಸಿದ್ಧಾಂತದಿಂದ ತೀರ್ಪಿಗೆ ಇಳಿಯುವುದೇ ನೀತಿಚಿಂತನೆ ಎಂದು ನಂಬಿದವರಿಗೆ ಇದು ದೊಡ್ಡ ಪಾಠ. 1982ರಲ್ಲಿ ಟೂಲ್ಮಿನ್, ನೀತಿಶಾಸ್ತ್ರದ ಜೀವ ಉಳಿಸಿದ್ದು ವೈದ್ಯಶಾಸ್ತ್ರ ಎಂದು ವಾದಿಸಿದರು. ಅದು ಅತಿಶಯೋಕ್ತಿ ಎಂದು ನನಗೆ ಅನ್ನಿಸುವುದಿಲ್ಲ.

ಆದರೆ ತರಗತಿಗೆ ಹೋದದ್ದು ಬೇರೆ. 1979ರಲ್ಲಿ ನೀತಿಚಿಂತಕರಾದ ಬೀಚಮ್ ಮತ್ತು ಚೈಲ್ಡ್ರೆಸ್ ಸ್ವಾಯತ್ತತೆ (ತನ್ನ ಚಿಕಿತ್ಸೆಯನ್ನು ರೋಗಿಯೇ ನಿರ್ಧರಿಸುವುದು), ಹಿತ, ಅಹಾನಿ, ನ್ಯಾಯ ಎಂಬ ನಾಲ್ಕು ತತ್ವಗಳನ್ನು ಮುಂದಿಟ್ಟರು. ತೂಗಿ ನೋಡಲೆಂದು ಕೊಟ್ಟ ಈ ನಾಲ್ಕು ಪದಗಳು ಪರೀಕ್ಷೆಯಲ್ಲಿ ಎರಡು ಅಂಕದ ಉತ್ತರವಾಗಿಬಿಟ್ಟವು. ಪಠ್ಯಕ್ರಮದಲ್ಲಿ ಸಿಗುವ ಸಮಯ ಕಡಿಮೆ, ಬಾಯಿಪಾಠ ಸುಲಭ.

ವೈದ್ಯರ ಆಕ್ಷೇಪವೂ ಹುರುಳಿಲ್ಲದ್ದಲ್ಲ: ಚಿಕಿತ್ಸೆಯ ಹೊಣೆ ಹೊರುವವರು ತಾವು, ಅಧ್ಯಾಪಕರು ತರಗತಿಗೆ ಮರಳುತ್ತಾರೆ. ಹಾಗಾಗಿ ತತ್ವಶಾಸ್ತ್ರಜ್ಞರು ತೀರ್ಪು ಕೊಡಲು ಹೋಗಬಾರದು. ವಾರ್ಡಿಗೆ ಮಾತ್ರ ಹೋಗಲೇಬೇಕು. ಕೊಳೆತ ಕಾಲನ್ನು ಕತ್ತರಿಸುವುದು ಬೇಡವೆನ್ನುವ ವೃದ್ಧರೊಬ್ಬರಿದ್ದಾರೆ ಎನ್ನಿ. ವಿದ್ಯಾರ್ಥಿ ‘ಸ್ವಾಯತ್ತತೆ’ ಎಂದು ಬರೆದು ಮುಗಿಸುತ್ತಾನೆ. ಜೊತೆಗಿರುವ ಮೇಷ್ಟ್ರು ಕೇಳಬೇಕಾದದ್ದು ಇದು: ಅವರು ಬೇಡವೆಂದದ್ದು ಶಸ್ತ್ರಚಿಕಿತ್ಸೆಯನ್ನೋ, ಕಾಲಿಲ್ಲದ ಬದುಕನ್ನೋ, ಮಕ್ಕಳಿಗೆ ಹೊರೆಯಾಗುವುದನ್ನೋ? ಅದನ್ನು ತಿಳಿಯಲು ವಿದ್ಯಾರ್ಥಿ ಮತ್ತೆ ಆ ಹಾಸಿಗೆಯ ಬಳಿಗೇ ಹೋಗಿ ಕುಳಿತುಕೊಳ್ಳಬೇಕಾಗುತ್ತದೆ.