ಬೆಲ್ಲ ಕೈಯಲ್ಲಿದ್ದರೂ ಸಿಗದ ಪದ

ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರಾಬಲ್ ಆಟದಲ್ಲಿ ನಿಮ್ಮ ಪಾಲಿಗೆ ಬಂದ ಏಳು ಬಿಲ್ಲೆಗಳು ಇವು ಎನ್ನಿ: ವೈ, ಜಿ, ಎ, ಆರ್, ಜೆ, ಇ, ಇನ್ನೊಂದು ಜಿ. ಮಂಡ್ಯದ ಆಲೆಮನೆಯ ಮಗ್ಗುಲಲ್ಲೇ ಹುಟ್ಟಿ ಬೆಳೆದವರೂ ಇಲ್ಲಿ ತಡವರಿಸುತ್ತಾರೆ. ಪದ ‘ಜ್ಯಾಗರಿ’, ನಮ್ಮ ಬೆಲ್ಲವೇ! ಜೆಗೆ 8, ವೈಗೆ 4, ಜಿಗೆ ತಲಾ 2, ಮಿಕ್ಕವಕ್ಕೆ ಒಂದೊಂದು, ಒಟ್ಟು 19. ಏಳನ್ನೂ ಒಂದೇ ಸಲ ಇಳಿಸಿದ್ದಕ್ಕೆ ಮೇಲೆ 50. ಹಲಗೆಯ ಬಣ್ಣದ ಮನೆಗಳ ಲಾಭ ಬಿಟ್ಟೂ 69 ಅಂಕ.

ಗೊತ್ತಿರುವ ಪದ ಯಾಕೆ ಹೊಳೆಯುವುದಿಲ್ಲ? ನಾವು ಕಿವಿಯಿಂದ ಹುಡುಕುತ್ತೇವೆ, ಅದಕ್ಕೆ. ಕನ್ನಡದಲ್ಲಿ ಅದೇ ಸರಿ. ನುಡಿದಂತೆ ಬರೆಯುತ್ತೇವೆ; ಪದಬಂಧದಲ್ಲಿ ‘ಕರ್ನಾಟಕ’ಕ್ಕೆ ನಾಲ್ಕು ಮನೆ ಸಾಕು, ‘ರ್ನಾ’ ಇಡಿಯಾಗಿ ಒಂದರಲ್ಲಿ ಕೂರುತ್ತದೆ. ಇಂಗ್ಲಿಷಿನ ಜ್ಯಾಗರಿಯಲ್ಲಿ ಎರಡನೇ ಜಿ ಕಿವಿಗೆ ಬೀಳುವುದೇ ಇಲ್ಲ, ಇ ಇದ್ದೂ ಇಲ್ಲದಂತೆ. ಸಾಲದ್ದಕ್ಕೆ ಜಿ ಎಂಬ ಹೆಸರಿನಲ್ಲಿ ಕೇಳಿಸುವುದು ‘ಜ’, ಪದದಲ್ಲಿ ಅದು ‘ಗ’.

ಹಾಗಾಗಿ ಸದ್ದನ್ನು ಮರೆತು ಎಣಿಕೆಗೆ ಇಳಿಯಬೇಕು. ಏಳು ಬಿಲ್ಲೆಗಳನ್ನು ಸಾಲಾಗಿ ಇಡುವ ಬಗೆ 5,040. ಎರಡು ಜಿ ಅದಲುಬದಲಾದರೂ ವ್ಯತ್ಯಾಸವಿಲ್ಲವಾದ್ದರಿಂದ ಅದರ ಅರ್ಧ, 2,520. ವೈ ಬಂದರೆ ಮೊದಲು ಅದನ್ನು ಸಾಲಿನ ಕೊನೆಗೆ ತಳ್ಳಿ, ಇಂಗ್ಲಿಷಿನಲ್ಲಿ ಅದಕ್ಕೆ ಒಗ್ಗುವ ಜಾಗ ಅದು. ಉಳಿದದ್ದು 360. ಅದರ ಹಿಂದೆ ಆರ್ ಇಡಿ, 60. ಎರಡೂ ಜಿಗಳನ್ನು ಜೋಡಿಯಾಗಿಸಿದರೆ 24. ಇಷ್ಟನ್ನು ಬೆರಳಲ್ಲಿ ಸರಿಸಿಯೇ ನೋಡಿಬಿಡಬಹುದು. ಇ-ಡಿ, ಇ-ಆರ್, ಐ-ಎನ್-ಜಿ ಕೂಡ ಇಂಥ ಬಾಲಗಳೇ. ಬಾಲವನ್ನು ಪಕ್ಕಕ್ಕಿಟ್ಟು ತಲೆ ಹುಡುಕುವುದು, ತಲೆ ಸಿಗದಿದ್ದರೆ ಬಾಲ ಬದಲಿಸುವುದು. ಬಿಲ್ಲೆಗಳನ್ನು ಬಂದ ಕ್ರಮದಲ್ಲೇ ಬಿಟ್ಟರೆ ಮಾತ್ರ ಕೆಲಸ ಕೆಟ್ಟಿತು. ಮೊದಲು ಓದಿಕೊಂಡದ್ದೇ ತಲೆಯಲ್ಲಿ ಕೂತುಬಿಡುತ್ತದೆ. ಆಗಾಗ ಕಲಸುತ್ತಿರಿ.

ಕಂಪ್ಯೂಟರ್ ಹೀಗೆ ತಡಕಾಡುವುದಿಲ್ಲ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಮೊದಲೇ ಒಂದು ಕೀಲಿ ಮಾಡಿಟ್ಟುಕೊಳ್ಳುತ್ತದೆ. ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್ ನಾಲ್ಕಕ್ಕೂ ಇ-ಐ-ಎಲ್-ಎನ್-ಎಸ್-ಟಿ ಎಂಬ ಒಂದೇ ಕೀಲಿ. ನಿಮ್ಮ ಬಿಲ್ಲೆಗಳನ್ನೂ ಹಾಗೇ ಜೋಡಿಸಿ ಕೇಳಿದರೆ ನಾಲ್ಕೂ ಒಟ್ಟಿಗೆ ಬರುತ್ತವೆ. ಲಿಸನ್‌ನಲ್ಲಿ ಟಿ ಇದೆ ಎಂದು ಯಾವ ಕಿವಿ ಹೇಳೀತು?

ಸ್ವಂತವಾಗಿ ಪುಟ್ಟ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ‘ಪದದ ಪ್ರತಿ ಅಕ್ಷರವೂ ನನ್ನ ಬಳಿ ಇದೆಯೇ’ ಎಂದಷ್ಟೇ ಕೇಳಿದರೆ, ಒಂದೇ ಜಿ ಇರುವವರಿಗೂ ಅದು ಜ್ಯಾಗರಿ ತೋರಿಸಿಬಿಡುತ್ತದೆ. ಇದೆಯೇ ಎನ್ನುವುದರ ಜೊತೆಗೆ ಎಷ್ಟಿದೆ ಎಂದೂ ಕೇಳಬೇಕು. ಯಾವ ಅಕ್ಷರವಾಗಿಯಾದರೂ ಬಳಸಬಹುದಾದ ಖಾಲಿ ಬಿಲ್ಲೆ ಇದ್ದರೆ ಕೊರತೆಯನ್ನು ಕೂಡಿ: ಪದಕ್ಕೆ ಕಡಿಮೆ ಬೀಳುವ ಅಕ್ಷರಗಳ ಒಟ್ಟು ಸಂಖ್ಯೆ ಖಾಲಿ ಬಿಲ್ಲೆಗಳಿಗಿಂತ ಹೆಚ್ಚಾಗದಿದ್ದರೆ ಆ ಪದ ನಿಮ್ಮದು. ಆದರೆ ಖಾಲಿ ಬಿಲ್ಲೆಗೆ ಅಂಕ ಸೊನ್ನೆ.

ವರ್ಡ್ಲ್‌ನ ಗೋಳು ಬೇರೆ. ಅಡಗಿರುವ ಇಂಗ್ಲಿಷ್ ಪದವನ್ನು ಊಹಿಸುವ ಆಟ ಅದು: ಐದಕ್ಷರದ ಪದ, ಆರು ಅವಕಾಶ. ಜಾಗ ಸರಿಯಿದ್ದರೆ ಹಸಿರು, ಅಕ್ಷರ ಇದ್ದು ಜಾಗ ತಪ್ಪಿದರೆ ಹಳದಿ. ಮೈಸೂರಿನಿಂದ ಮಂಡ್ಯಕ್ಕೆ ರೈಲು ಹತ್ತಿದವರು ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಆರನ್ನೂ ಕಳೆದುಕೊಳ್ಳುವುದು ಹೆಚ್ಚಾಗಿ ನಾಲ್ಕು ಹಸಿರು ಸಿಕ್ಕಮೇಲೆಯೇ. ಐ-ಜಿ-ಎಚ್-ಟಿ ಹಸಿರಾಗಿವೆ ಎನ್ನಿ. ಬಳಕೆಯ ಪದಗಳೇ ಎಂಟು: ಎಯ್ಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್ (ಬಡಾವಣೆಯದ್ದಲ್ಲ, ಕಣ್ಣಿನದು), ಟೈಟ್. ಒಂದೊಂದಾಗಿ ಹಾಕುತ್ತ ಹೋದರೆ ಒಂದೊಂದೇ ಅಳಿಯುತ್ತದೆ. ಅದರ ಬದಲು ಉತ್ತರವಾಗಲಾರದ ‘ಫಿಲ್ಮ್ಸ್’ ಹಾಕಿ. ಎಫ್ ಹಸಿರಾದರೆ ಫೈಟ್. ಎಲ್, ಎಂ, ಎಸ್‌ಗಳಲ್ಲಿ ಯಾವುದು ಹಳದಿಯೋ ಅದರ ಪದ. ಈ ನಾಲ್ಕರಲ್ಲಿ ಯಾವುದೂ ಬಣ್ಣ ತಿರುಗದಿದ್ದರೆ ಮುಂದಿನದು ‘ಟ್ರೆಂಡ್’: ಆರ್ ಹಳದಿಯಾದರೆ ರೈಟ್, ಇ ಆದರೆ ಎಯ್ಟ್, ಎನ್ ಆದರೆ ನೈಟ್, ಮೊದಲ ಟಿ ಹಸಿರಾದರೆ ಟೈಟ್. ಎರಡು ಊಹೆ ಬಲಿಕೊಟ್ಟು ಮೂರನೆಯದರಲ್ಲಿ ಖಚಿತ ಗೆಲುವು. ‘ಹಾರ್ಡ್ ಮೋಡ್’ ಆನ್ ಆಗಿದ್ದರೆ ಮಾತ್ರ ಈ ಉಪಾಯ ನಡೆಯದು, ಅಲ್ಲಿ ಸಿಕ್ಕ ಹಸಿರನ್ನು ಕೈಬಿಡುವಂತಿಲ್ಲ.

ನಮ್ಮ ಶಾಲೆಗಳ ಬ್ರಿಟಿಷ್ ಕಾಗುಣಿತವೂ ಇಲ್ಲಿ ಕೈಕೊಡುತ್ತದೆ. 2022ರ ಆರಂಭದಲ್ಲಿ ಬಂದ ‘ಹ್ಯೂಮರ್’, ‘ಫೇವರ್’ ಉತ್ತರಗಳಲ್ಲಿ ಓ ನಂತರದ ಯು ಇರಲಿಲ್ಲ. ಯು ಸೇರಿಸಿದರೆ ಆರಕ್ಷರ, ಹಿಡಿಸುವುದೇ ಇಲ್ಲ.

ಸ್ಕ್ರಾಬಲ್‌ನಲ್ಲಿ ಕ್ಯೂ ಬಂದು ಯು ಇಲ್ಲದಾಗ ಬಹಳ ಮಂದಿ ಕೈಚೆಲ್ಲುತ್ತಾರೆ. ಫಕೀರ, ನಿಕಾಬ್ ನಮಗೆ ಬಳಕೆಯ ಮಾತೇ, ಎರಡನ್ನೂ ಕ್ಯೂ ಹಾಕಿ ಬರೆಯಬಹುದು. ಕಿವಿ ‘ಕೆ’ ಎನ್ನುವುದರಿಂದ ನೆನಪಾಗುವುದಿಲ್ಲ, ಅಷ್ಟೇ. ಅಂದಹಾಗೆ ರಾಗಿಯೂ ಸಲ್ಲುತ್ತದೆ: ಆರ್-ಎ-ಜಿ-ಐ, 5 ಅಂಕ.

ಅಭ್ಯಾಸಕ್ಕೆ ಊರಿನ ಹೆಸರೇ ಸಾಕು. 2014ರ ನವೆಂಬರ್ 1ರವರೆಗೆ ಇಂಗ್ಲಿಷಿನಲ್ಲಿ ಮೈಸೂರು ಎಂದರೆ ಎಂ-ವೈ-ಎಸ್-ಓ-ಆರ್-ಇ. ಅದರಲ್ಲಿ ಮೋರ್, ರೋಸ್, ಸೋರ್, ಎಸ್-ಓ-ಎಂ-ಇ ಎಂಬ ‘ಸಮ್’, ಹೀಗೆ ಬೇಕಾದಷ್ಟಿದ್ದವು. ಓ, ಇ ಹೋಗಿ ಎರಡು ಯು ಬಂದಮೇಲೆ ಫಸಲು ಸೊರಗಿತು. ಈಗಲೂ ‘ಸಮ್’ ಇದೆ, ಆದರೆ ಎಸ್-ಯು-ಎಂ, ಕೂಡುವ ಲೆಕ್ಕದ್ದು. ‘ರಮ್’ ಇದೆ. ಐದಕ್ಷರದ್ದೂ ಒಂದು ಅಡಗಿದೆ: ಯು-ಎಸ್-ಯು-ಆರ್-ವೈ, ‘ಯೂಷರಿ’. ನಮ್ಮಲ್ಲಿ ಮೀಟರ್ ಬಡ್ಡಿ ಅಂತಾರಲ್ಲ, ಅದೇ.