ಹಿಗ್ಗದೆ ದುಡಿಯುವ ಟೈಟನೇಟ್

ಗ್ರಾಫೀನ್ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆ) ಬಂದಾಯಿತು, ಇನ್ನು ಎಲ್ಲವೂ ನಿಮಿಷದಲ್ಲಿ ಚಾರ್ಜ್ ಎಂಬ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಸುತ್ತುತ್ತದೆ. ನಂಬುವ ಮೊದಲು ಒಂದು ಪ್ರಶ್ನೆ ಕೇಳಿ: ಸೆಲ್‌ನೊಳಗಿನ ಲೋಹದ ಫಾಯಿಲ್ ಮೇಲೆ ಆ ಪುಡಿಯನ್ನು ಚದರ ಸೆಂಟಿಮೀಟರಿಗೆ ಎಷ್ಟು ಬಳಿದಿದ್ದರು? 1 ಮಿಲಿಗ್ರಾಂ ಬಳಿದರೆ ಯಾವ ಪುಡಿಯೂ ಚುರುಕಾಗಿಯೇ ಕಾಣುತ್ತದೆ. ಮಾರುವ ಸೆಲ್‌ಗೆ 10 ಮಿಲಿಗ್ರಾಂ ಆಸುಪಾಸು ಬೇಕು. ಇಲ್ಲವಾದರೆ ತೂಕವೆಲ್ಲ ಫಾಯಿಲ್‌ನದೇ. ಅಷ್ಟಕ್ಕೂ ಬಾಳಿಕೆಗೆ ಮುಖ್ಯವಾಗಿ ಬೇಕಾದದ್ದು ಅಯಾನು (ವಿದ್ಯುದಾವೇಶ ಹೊತ್ತ ಕಣ) ಒಳಹೊಕ್ಕಾಗಲೂ ಉಬ್ಬದ ಪುಡಿ. ಲಿಥಿಯಂ ಟೈಟನೇಟ್ ಅಂಥದ್ದು; ಅದು ದುಡಿಯುವ ಒಂದು ಜಾಗ ಹೈಬ್ರಿಡ್ ಕೆಪಾಸಿಟರ್, ಅಂದರೆ ಕೆಪಾಸಿಟರನ್ನೂ ಬ್ಯಾಟರಿಯನ್ನೂ ಬೆಸೆದ ಸೆಲ್.

ಹೈಬ್ರಿಡ್ ಕೆಪಾಸಿಟರ್‌ನ ಒಂದು ಬದಿ ಆಕ್ಟಿವೇಟೆಡ್ ಕಾರ್ಬನ್, ಇನ್ನೊಂದು ಬದಿ ಬ್ಯಾಟರಿಯ ವಸ್ತು. ಕಾರ್ಬನ್ ಎಂದರೆ ಬಸ್ಸಿನ ಫುಟ್‌ಬೋರ್ಡ್: ಅಯಾನುಗಳು ಹೊರಮೈಗೆ ನೇತಾಡುತ್ತವೆ, ಹತ್ತುವುದೂ ಇಳಿಯುವುದೂ ಕ್ಷಣದ ಕೆಲಸ, ಆದರೆ ಹಿಡಿಸುವುದು ಕೆಲವರನ್ನೇ. ಬ್ಯಾಟರಿ ವಸ್ತುವಿನಲ್ಲಿ ಒಳಗೆ ನುಗ್ಗಿ ಸೀಟು ಹಿಡಿಯಬೇಕು. ಗ್ರಾಫೈಟ್‌ನ ಸೀಟು ತುಂಬಿದಾಗ ಅದರ ಗಾತ್ರ ಸುಮಾರು 10% ಹಿಗ್ಗುತ್ತದೆ, ಮಳೆಗಾಲದ ಮರದ ಬಾಗಿಲಿನಂತೆ. ಹಿಗ್ಗಿ ಕುಗ್ಗಿ ಮೇಲಿನ ರಕ್ಷಾಪೊರೆ ಬಿರಿಯುತ್ತದೆ. ಆ ಬಿರುಕಿಗೆ ತೇಪೆ ಹಾಕಲು ಪ್ರತಿ ಸಲವೂ ಒಂದಿಷ್ಟು ಲಿಥಿಯಂ ಖರ್ಚು. ಲಿಥಿಯಂ ಟೈಟನೇಟ್‌ನಲ್ಲಿ ಈ ಬದಲಾವಣೆ ಸುಮಾರು 0.2% ಮಾತ್ರ. 2001ರಲ್ಲಿ ಅಮೆರಿಕದ ಟೆಲ್ಕಾರ್ಡಿಯಾದ ಗ್ಲೆನ್ ಅಮಾಟುಚಿ ಮತ್ತು ಸಂಗಡಿಗರು ಪ್ರಕಟಿಸಿದ್ದು ಟೈಟನೇಟ್ ಮತ್ತು ಕಾರ್ಬನ್‌ನ ಇದೇ ಜೋಡಿಯನ್ನು.

ಟೈಟನೇಟ್ ತಯಾರಿ ಕಷ್ಟದ್ದಲ್ಲ. ಟೈಟಾನಿಯಂ ಡೈಆಕ್ಸೈಡನ್ನೂ ಲಿಥಿಯಂ ಕಾರ್ಬೊನೇಟನ್ನೂ 5 ಟೈಟಾನಿಯಂಗೆ 4 ಲಿಥಿಯಂ ಪರಮಾಣುಗಳ ಲೆಕ್ಕದಲ್ಲಿ ಅರೆದು, 800–850 ಡಿಗ್ರಿ ಸೆಲ್ಸಿಯಸ್‌ನಲ್ಲಿ 12 ಗಂಟೆ ಸುಡುವುದು. ಲಿಥಿಯಂ ಆವಿಯಾಗಿ ಹೋಗುತ್ತದೆ, ತುಸು ಹೆಚ್ಚೇ ಹಾಕಬೇಕು. ಮರೆತರೆ ಟೈಟಾನಿಯಂ ಡೈಆಕ್ಸೈಡ್ ಹಾಗೇ ಉಳಿಯುತ್ತದೆ. ಕಣ 1 ಮೈಕ್ರಾನ್‌ನಿಂದ 0.1ಕ್ಕೆ ಇಳಿದರೆ ಲಿಥಿಯಂ 100 ಪಟ್ಟು ಬೇಗ ಒಳಸೇರುತ್ತದೆ, ಏಕೆಂದರೆ ಸಮಯ ದೂರದ ವರ್ಗವನ್ನು ಅನುಸರಿಸುತ್ತದೆ. ಹಾಗೆಂದು ಅತಿ ನುಣ್ಣಗಾದರೆ ಮೇಲ್ಮೈ ಹೆಚ್ಚಿ, ಬಿಸಿಯಲ್ಲಿ ಎಲೆಕ್ಟ್ರೊಲೈಟ್ (ಅಯಾನುಗಳನ್ನು ಸಾಗಿಸುವ ದ್ರವ) ಒಡೆದು ಅನಿಲ ಹುಟ್ಟಿ ಪೌಚ್, ಅಂದರೆ ಸೆಲ್ಲಿನ ಮೆತ್ತನೆಯ ಚೀಲ, ಊದಿಕೊಳ್ಳುತ್ತದೆ. ಕಣಗಳ ಮೇಲೆ ಕೆಲವೇ ನ್ಯಾನೊಮೀಟರ್ ಕಾರ್ಬನ್ ಲೇಪಿಸುವುದು ಇದಕ್ಕೂ ಮದ್ದು, ಟೈಟನೇಟ್ ಸ್ವತಃ ವಿದ್ಯುತ್ ಹರಿಸದ ದೋಷಕ್ಕೂ ಮದ್ದು.

ಕಾರ್ಬನ್‌ಗೆ ತೆಂಗಿನ ಚಿಪ್ಪು ಒಳ್ಳೆಯ ಕಚ್ಚಾಮಾಲು, ತಿಪಟೂರಿನವರಿಗೆ ಹೇಳಿಕೊಡಬೇಕಿಲ್ಲ. ಆದರೆ ಒಲೆಯ ಇದ್ದಿಲನ್ನೇ ಅರೆದು ಬಳಿದರೆ ನಡೆಯದು. 800–900 ಡಿಗ್ರಿಯ ಹಬೆಯಲ್ಲಿ ರಂಧ್ರ ತೆರೆದರೆ ಗ್ರಾಂಗೆ 1500 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಆಮ್ಲದಲ್ಲಿ ತೊಳೆದು ಕಬ್ಬಿಣದ ಅಂಶ ತೆಗೆಯದಿದ್ದರೆ ಸೆಲ್ ಸುಮ್ಮನಿದ್ದೂ ಖಾಲಿಯಾಗುತ್ತದೆ.

ಹೆಚ್ಚು ಸೆಲ್‌ಗಳು ಕೆಡುವುದು ನೊಗದಲ್ಲಿ, ಅಂದರೆ ಎರಡು ಬದಿಗಳ ಹೊಂದಾಣಿಕೆಯಲ್ಲಿ. ಎರಡೂ ಎತ್ತು ಸಮ ಎಳೆಯಬೇಕು. ಕಾರ್ಬನ್ ಗ್ರಾಂಗೆ 100 ಫ್ಯಾರಡ್ (ಚಾರ್ಜ್ ಹಿಡಿಸುವ ಅಳತೆ), 1.3 ವೋಲ್ಟ್ ಅಂತರದಲ್ಲಿ ಅದು ಕೊಡುವುದು 100×1.3÷3.6 (1 ಮಿಲಿಆಂಪ್-ಗಂಟೆ ಎಂದರೆ 3.6 ಕೂಲಂಬ್ ಚಾರ್ಜ್), ಅಂದರೆ 36 ಮಿಲಿಆಂಪ್-ಗಂಟೆ. ಟೈಟನೇಟ್ ಗ್ರಾಂಗೆ ಕೈಗೆ ಸಿಗುವಷ್ಟು 150. ಹಾಗಾಗಿ 1 ಗ್ರಾಂ ಟೈಟನೇಟ್‌ಗೆ 4 ಗ್ರಾಂ ಕಾರ್ಬನ್. ಕಾರ್ಬನ್ ಕಮ್ಮಿಯಾದರೆ, ಅಷ್ಟೇ ಚಾರ್ಜ್ ತುಂಬುವಾಗ ಅದರ ವೋಲ್ಟೇಜ್ (ಲಿಥಿಯಂ ಲೋಹಕ್ಕೆ ಹೋಲಿಸಿ) 4.35 ದಾಟಿ ಎಲೆಕ್ಟ್ರೊಲೈಟ್ ಉತ್ಕರ್ಷಣೆಗೊಳ್ಳುತ್ತದೆ. ಟೈಟನೇಟ್ ಕಮ್ಮಿಯಾದರೆ ಅದು 1.55 ವೋಲ್ಟ್‌ನ (ಇದೂ ಲಿಥಿಯಂ ಲೋಹಕ್ಕೆ ಹೋಲಿಸಿ) ಸಮತಟ್ಟಿನಿಂದ ಜಾರುತ್ತದೆ. ಸೆಲ್ಲನ್ನು 1.5 ರಿಂದ 2.8 ವೋಲ್ಟ್ ನಡುವೆಯೇ ಓಡಿಸಿ. ಜೋಡಿಸುವ ಮುನ್ನ ಎರಡೂ ಹಾಳೆಗಳನ್ನು 120 ಡಿಗ್ರಿಯ ನಿರ್ವಾತದಲ್ಲಿ ರಾತ್ರಿಯಿಡೀ ಒಣಗಿಸಿ: ಕಾರ್ಬನ್ ಗಾಳಿಯ ತೇವವನ್ನು ಹೀರಿಟ್ಟುಕೊಂಡಿರುತ್ತದೆ, ಆ ನೀರು ಎಲೆಕ್ಟ್ರೊಲೈಟ್‌ನ ಲವಣವನ್ನು ಹೈಡ್ರೋಫ್ಲೋರಿಕ್ ಆಮ್ಲ ಮಾಡುತ್ತದೆ.